ಹಳೇ ಫೋಟೊ, ಹಳೇ ಕಾಗದ: ಬಳ್ಳಾರಿ, ರಾಯಚೂರು, ಕೊಪ್ಪಳದ 1940–60ರ ದಶಕಗಳನ್ನು ಹುಡುಕುವ ಕ್ರಮ

ಮನೆಯ ಟ್ರಂಕಿನಲ್ಲಿ ಸಿಕ್ಕ ಫೋಟೊ ಹಿಡಿದು ನೇರವಾಗಿ ಜಿಲ್ಲಾ ಕಚೇರಿಗೆ ಹೋಗಿ, ‘ಇಂಥ ದಾಖಲೆ ನಮ್ಮಲ್ಲಿಲ್ಲ’ ಅನ್ನಿಸಿಕೊಂಡು ಬರಿಗೈಯಲ್ಲಿ ಬರುವವರೇ ಹೆಚ್ಚು. ದಾಖಲೆ ಇರುವುದಿಲ್ಲ ಅಂತಲ್ಲ. ಬೇರೆ ಊರಿನಲ್ಲಿ, ಬೇರೆ ಭಾಷೆಯಲ್ಲಿ, ಬೇರೆ ವರ್ಷದ ಹೆಸರಿನಲ್ಲಿ ಇರುತ್ತದೆ. ಈ ಮೂರು ಜಿಲ್ಲೆಗಳಲ್ಲಿ ಹುಡುಕಾಟ ಕೆಡುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಆ ವರ್ಷ ಆ ಊರು ಯಾರ ಆಡಳಿತದಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಮುಂದೆ ಹೋಗುವುದು. ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ.

## ಕೈಯಲ್ಲಿ ಇರಬೇಕಾದದ್ದು

10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಎಚ್‌ಬಿ ಪೆನ್ಸಿಲ್, ಸೆಂಟಿಮೀಟರ್ ಸ್ಕೇಲು, ಮೆತ್ತನೆಯ ಒಣ ಬ್ರಷ್, ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಅಥವಾ ಒಳ್ಳೆಯ ಕ್ಯಾಮೆರಾದ ಮೊಬೈಲ್, ಒಂದು ನೋಟ್‌ಬುಕ್. ಫೋಟೊ ಇಡಲು ಪಾಲಿಯೆಸ್ಟರ್ ಲಕೋಟೆ ಬೇಕು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪಿವಿಸಿ ಹಾಳೆ ಬೇಡ. ನಮ್ಮ ಭಾಗದ ಬೇಸಿಗೆಗೆ ಅದು ಮೆತ್ತಗಾಗಿ ಫೋಟೊಗೆ ಅಂಟಿಬಿಡುತ್ತದೆ. ಬಾಲ್ ಪೆನ್ನು, ಸೆಲ್ಲೊ ಟೇಪು, ಲ್ಯಾಮಿನೇಷನ್ ಮೂರನ್ನೂ ದೂರವಿಡಿ. ಲ್ಯಾಮಿನೇಷನ್ ಮಾಡಿಸಿದ ಹಳೆಯ ಫೋಟೊವನ್ನು ಮತ್ತೆ ಬಿಡಿಸಲು ಆಗುವುದಿಲ್ಲ.

## ಹಂತ 1: ಬೇರೇನೂ ಮಾಡುವ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿ

ಮೊದಲು ಹಿಂಬದಿ, ಆಮೇಲೆ ಮುಂಬದಿ. ಸ್ಟುಡಿಯೊ ಮುದ್ರೆ, ಪೆನ್ಸಿಲಿನ ಗೀಚು, ಕಾಗದದ ಕಂಪನಿಯ ಹೆಸರು ಎಲ್ಲವೂ ಹಿಂದೆಯೇ ಇರುತ್ತವೆ. ಅದನ್ನು ಆಮೇಲೆ ಮಾಡಿದರಾಯಿತು ಎಂದು ಬಿಟ್ಟವರು ಮರೆತೇಬಿಡುತ್ತಾರೆ. ಪೋಸ್ಟ್‌ಕಾರ್ಡ್ ಗಾತ್ರದ ಫೋಟೊಗೆ 600 ಡಿಪಿಐ ಸಾಕು. ಡಬ್ಬಿ ಕ್ಯಾಮೆರಾದ 6×6 ಅಥವಾ 6×9 ಸೆಂ.ಮೀ. ಪುಟ್ಟ ಪ್ರಿಂಟಿಗೆ 1200 ಇಡಿ. ಅಂಗಡಿ ಬೋರ್ಡಿನ ಅಕ್ಷರ ಓದಲು ಅಷ್ಟು ಬೇಕಾಗುತ್ತದೆ. ಮೂಲ ಪ್ರತಿಯನ್ನು ಟಿಫ್ ಆಗಿ ಉಳಿಸಿ ಮುಟ್ಟದೆ ಬಿಡಿ, ಹಂಚಲು ಬೇರೆ ಜೆಪೆಗ್ ಮಾಡಿಕೊಳ್ಳಿ.

ಮೊಬೈಲಿನಲ್ಲಿ ತೆಗೆಯುವುದಾದರೆ ಫ್ಲ್ಯಾಶ್ ಬೇಡ. ಕಿಟಕಿಯ ಬೆಳಕು ಓರೆಯಾಗಿ ಬೀಳುವ ಹಾಗೆ ಇಟ್ಟು, ಕ್ಯಾಮೆರಾವನ್ನು ಫೋಟೊಗೆ ನೇರ ಮೇಲೆ ಹಿಡಿಯಿರಿ. ಚೌಕಟ್ಟಿನ ಗಾಜಿಗೆ ಫೋಟೊ ಅಂಟಿದ್ದರೆ ಕೀಳಬೇಡಿ, ಗಾಜಿನ ಮೇಲಿನಿಂದಲೇ ಸ್ಕ್ಯಾನ್ ಮಾಡಿ. ಕಿತ್ತರೆ ಮುಖ ಗಾಜಿನಲ್ಲೇ ಉಳಿಯುತ್ತದೆ.

ನೆಗೆಟಿವ್ ಸಿಕ್ಕರೆ ಮೊದಲು ವಾಸನೆ ನೋಡಿ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೆಡಲು ಶುರುವಾಗಿದೆ. ಅದನ್ನು ಉಳಿದವುಗಳಿಂದ ಬೇರೆ ಇಟ್ಟು ಬೇಗ ಸ್ಕ್ಯಾನ್ ಮಾಡಿಸಿ. ಕಂದು ಬಣ್ಣಕ್ಕೆ ತಿರುಗಿ, ಜಿಗುಟಾಗಿ, ಘಾಟು ಹೊಡೆಯುತ್ತಿದ್ದರೆ ಅದು ನೈಟ್ರೇಟ್ ಫಿಲ್ಮು ಇರಬಹುದು. ಇದು ಬೇಗ ಬೆಂಕಿ ಹಿಡಿಯುವ ವಸ್ತು. ಮುಚ್ಚಿದ ತಗಡಿನ ಡಬ್ಬಿಯಲ್ಲಿ, ತಗಡಿನ ಶೀಟಿನ ಕೆಳಗೆ, ಬಿಸಿಲಿನಲ್ಲಿ ಇಡಬೇಡಿ. ಹೌದೋ ಅಲ್ಲವೋ ನೋಡಲು ತುದಿಗೆ ಕಡ್ಡಿ ಗೀರುವ ಪರೀಕ್ಷೆಯಂತೂ ಖಂಡಿತ ಬೇಡ.

## ಹಂತ 2: ಆ ವರ್ಷ ಊರು ಯಾರ ಕೈಯಲ್ಲಿತ್ತು?

ಇದಕ್ಕೆ ಒಂದು ದಿನ ಪೂರ್ತಿ ಹೋದರೂ ನಷ್ಟವಿಲ್ಲ.

ಬಳ್ಳಾರಿ ಜಿಲ್ಲೆ 1953ರ ಸೆಪ್ಟೆಂಬರ್ ಕೊನೆಯವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು, ಉಳಿದವು ಮೈಸೂರಿಗೆ ಬಂದವು. ಹಾಗಾಗಿ 1952ರ ‘ಬಳ್ಳಾರಿ ಜಿಲ್ಲೆ’ಯ ಅಂಕಿ ಅಂಶವನ್ನು 1961ರದ್ದರ ಜೊತೆ ನೇರವಾಗಿ ಹೋಲಿಸುವಂತಿಲ್ಲ. ಸಂಡೂರು ಇನ್ನೂ ಬೇರೆ: ಅದು ಘೋರ್ಪಡೆ ಮನೆತನದ ಸಂಸ್ಥಾನ, 1949ರಲ್ಲಿ ಮದ್ರಾಸಿಗೆ ಸೇರಿತು. ಅದಕ್ಕೂ ಹಿಂದಿನ ಸಂಡೂರಿನ ಹಳ್ಳಿಯ ಕಂದಾಯ ಕಾಗದವನ್ನು ಮದ್ರಾಸಿನ ಕಡತಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ರಾಯಚೂರು ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಸುಬಾದಲ್ಲಿತ್ತು (ಸುಬಾ ಎಂದರೆ ಹಲವು ಜಿಲ್ಲೆಗಳ ಆಡಳಿತ ವಿಭಾಗ). 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ (ಹೈದರಾಬಾದನ್ನು ಭಾರತಕ್ಕೆ ಸೇರಿಸಿಕೊಂಡ ಸೇನಾ ಕಾರ್ಯಾಚರಣೆ) ನಂತರವೂ ಅದು ಹೈದರಾಬಾದ್ ರಾಜ್ಯವೇ. ಮೈಸೂರಿಗೆ ಬಂದದ್ದು 1956ರ ನವೆಂಬರ್ 1ಕ್ಕೆ, ಅದೂ ಆಲಂಪುರ, ಗದ್ವಾಲ್ ತಾಲ್ಲೂಕುಗಳನ್ನು ಬಿಟ್ಟು. 1948ಕ್ಕೇ ಕರ್ನಾಟಕಕ್ಕೆ ಸೇರಿತು ಎಂದು ಬರೆಯುವ ಶೀರ್ಷಿಕೆಗಳು ಎಷ್ಟೋ ಓಡಾಡುತ್ತಿವೆ. ನಡುವಿನ 8 ವರ್ಷದ ಕಡತ ಹುಡುಕುವವರಿಗೆ ಈ ತಪ್ಪು ದುಬಾರಿ ಬೀಳುತ್ತದೆ.

ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಶತಮಾನದ ನಡುವಿನ ಯಾವ ಸೂಚಿಯಲ್ಲೂ ‘ಕೊಪ್ಪಳ ಜಿಲ್ಲೆ’ ಇರುವುದಿಲ್ಲ. ರಾಯಚೂರಿನ ಕೆಳಗೆ ನೋಡಬೇಕು. ಅದರಲ್ಲೂ ಕೊಪ್ಪಳ, ಯಲಬುರ್ಗಾ ಭಾಗ ಸಾಲಾರ್ ಜಂಗ್ ಮನೆತನದ ಜಹಗೀರು. ಜಹಗೀರುಗಳು ರದ್ದಾದದ್ದು 1949ರ ಆಗಸ್ಟ್ 15ರಂದು. ಅಲ್ಲಿಯವರೆಗೆ ಜಹಗೀರಿನ ಲೆಕ್ಕಪತ್ರ ಬೇರೆ, ಸರ್ಕಾರದ ದಿವಾನಿ ಹಳ್ಳಿಗಳ ಲೆಕ್ಕಪತ್ರ ಬೇರೆ. ನಿಮ್ಮ ಹಳ್ಳಿ ಯಾವುದಕ್ಕೆ ಸೇರಿತ್ತು ಎಂದು ತಿಳಿಯದೆ ಅರ್ಜಿ ಬರೆಯಬೇಡಿ.

ಹರಪನಹಳ್ಳಿಯವರಿಗೆ ವಿಶೇಷ ಎಚ್ಚರಿಕೆ: ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದೆ. ಹಳೆಯ ಕಡತ ಇವುಗಳಲ್ಲಿ ಎಲ್ಲಿ ಉಳಿದಿದೆ ಎಂದು ಮೂರೂ ಕಡೆ ಕೇಳಬೇಕಾದೀತು.

ಇನ್ನೊಂದು ಸಾಮಾನ್ಯ ಮೋಸ. ರಾಜ್ಯ ಪುನರ್‌ವಿಂಗಡಣಾ ಆಯೋಗದ 1955ರ ವರದಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತ್ತು. ಅದು ಜಾರಿಯಾಗಲಿಲ್ಲ. ವರದಿಯ ಪುಟವನ್ನಷ್ಟೇ ಓದಿದವರು ಶಿಫಾರಸನ್ನೇ ನಡೆದ ಸಂಗತಿ ಎಂದು ಬರೆಯುತ್ತಾರೆ. ವರದಿ ಓದಿದ ಮೇಲೆ 1956ರ ಪುನರ್‌ವಿಂಗಡಣಾ ಕಾಯ್ದೆಯ ಪಠ್ಯ ತೆಗೆದು ತಾಳೆ ನೋಡಿ.

ಹುಡುಕುವಾಗ ಹೆಸರಿನ ಹಳೆಯ ರೂಪಗಳನ್ನೂ ಹಾಕಿ. ಹೈದರಾಬಾದಿನ ಇಂಗ್ಲಿಷ್ ಕಾಗದಗಳಲ್ಲಿ ಕೊಪ್ಪಳ ‘ಕೊಪ್ಬಲ್’ ಆಗಿರುತ್ತದೆ, ಲಿಂಗಸುಗೂರು ‘ಲಿಂಗ್ಸಗೂರ್’. ಬಳ್ಳಾರಿ, ಹೊಸಪೇಟೆಗಳ ಇಂಗ್ಲಿಷ್ ಕಾಗುಣಿತ ಬದಲಾದದ್ದೇ 2014ರಲ್ಲಿ. ‘ಬೆಲ್ಲಾರಿ’, ‘ಹಾಸ್ಪೆಟ್’ ಎಂದು ಹಾಕದಿದ್ದರೆ ಅಂತರ್ಜಾಲದ ಸೂಚಿ ಏನನ್ನೂ ತೋರಿಸುವುದಿಲ್ಲ.

## ಹಂತ 3: ವರ್ಷ, ಅಳತೆ, ರೊಕ್ಕ – ಮೂರನ್ನೂ ಬದಲಿಸಿಕೊಳ್ಳಿ

ಕಾಗದದಲ್ಲಿ ‘1358 ಫಸಲಿ’ (ಫಸಲಿ ಎಂದರೆ ಕಂದಾಯ ಲೆಕ್ಕದ ವರ್ಷ) ಎಂದಿದ್ದರೆ 590 ಕೂಡಿಸಿ 1948 ಎಂದು ಬರೆದುಕೊಂಡು ಮುಂದೆ ಹೋಗುವುದು ವಾಡಿಕೆ. ಅರ್ಧ ಸರಿ. ಮದ್ರಾಸಿನ ಫಸಲಿ ಜುಲೈ 1ಕ್ಕೆ ಶುರು. 1358 ಎಂದರೆ 1948ರ ಜುಲೈನಿಂದ 1949ರ ಜೂನ್. ಹೈದರಾಬಾದಿನ ಫಸಲಿ ಅಕ್ಟೋಬರ್ ಮೊದಲ ವಾರದಲ್ಲಿ, ಆಜೂರ್ ತಿಂಗಳಿಂದ ಶುರು. ಅಂದರೆ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಕಾಗದಗಳಿಗೆ ತುಂಗಭದ್ರಾ ಹೊಳೆಯ ಈಚೆ ಒಂದು ವರ್ಷ, ಆಚೆ ಒಂದು ವರ್ಷ. 1949ರ ಆಗಸ್ಟಿನ ಜಹಗೀರು ರದ್ದತಿ ಶಾಸನದ ಹೆಸರಿನಲ್ಲಿ 1358 ಫಸಲಿ ಇದೆ; ಅದೇ ತಿಂಗಳು ಬಳ್ಳಾರಿಯ ಗ್ರಾಮಲೆಕ್ಕದಲ್ಲಿ 1359 ನಡೆಯುತ್ತಿತ್ತು. ಪೊಲೀಸ್ ಕಾರ್ಯಾಚರಣೆಯ ತಿಂಗಳು ಬರುವುದೇ ಈ ಇಕ್ಕಟ್ಟಿನಲ್ಲಿ. ರಾಯಚೂರಿನ ಕಾಗದದಲ್ಲಿ ಅದನ್ನು 1357ರ ಕೊನೆಯ ತಿಂಗಳಾದ ಆಬಾನ್‌ನಲ್ಲಿ ಹುಡುಕಬೇಕು.

ಜಮೀನಿನ ಅಳತೆಯಲ್ಲೂ ಇಂಥದ್ದೇ ಗುಂಡಿ ಇದೆ. ಮದ್ರಾಸಿನ ಕಾಗದ ಎಕರೆ ಮತ್ತು ಸೆಂಟ್ಸಿನಲ್ಲಿ, ಹೈದರಾಬಾದಿನದು ಎಕರೆ ಮತ್ತು ಗುಂಟೆಯಲ್ಲಿ. 1 ಎಕರೆಗೆ 100 ಸೆಂಟ್ಸ್ ಅಥವಾ 40 ಗುಂಟೆ. ‘3-25’ ಎಂದಿದ್ದರೆ ಸಿರುಗುಪ್ಪದಲ್ಲಿ ಅದು 3 ಎಕರೆ 10 ಗುಂಟೆ, ಸಿಂಧನೂರಿನಲ್ಲಿ 3 ಎಕರೆ 25 ಗುಂಟೆ. ಎರಡನೆಯ ಅಂಕಿ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಗುಂಟೆಯಾಗಿರಲು ಸಾಧ್ಯವಿಲ್ಲ. 39ರ ಒಳಗಿದ್ದರೆ ಸಂಶಯ ಉಳಿಯುತ್ತದೆ. ಅದೇ ಪುಟದ ಬೇರೆ ಸಾಲುಗಳನ್ನು ನೋಡಿ ತೀರ್ಮಾನಿಸಿ.

ರೊಕ್ಕ: ನಿಜಾಮರ ಹಾಲಿ ಸಿಕ್ಕಾ ರೂಪಾಯಿಯೂ ಭಾರತ ಸರ್ಕಾರದ ಕಲದಾರ ರೂಪಾಯಿಯೂ ಒಂದೇ ಬೆಲೆಯವಲ್ಲ. 7 ಹಾಲಿಗೆ 6 ಕಲದಾರ. ಪರಿಹಾರ, ಕೂಲಿ, ತೆರಿಗೆ ಹೋಲಿಸುವ ಮೊದಲು ಯಾವ ರೂಪಾಯಿ ಎಂದು ನೋಡಿ. 1957ರ ಏಪ್ರಿಲ್‌ಗೆ ಮುಂಚೆ 16 ಆಣೆಗೆ ಒಂದು ರೂಪಾಯಿ, 12 ಪೈಗೆ ಒಂದು ಆಣೆ. ‘ನಯಾ ಪೈಸೆ’ ಎಂದಿರುವ ರಸೀದಿ ಅದಕ್ಕಿಂತ ಹಳೆಯದಾಗಿರಲು ಬರುವುದಿಲ್ಲ.

## ಹಂತ 4: ಫೋಟೊದ ಕಾಲ ಕಟ್ಟುವುದು

ಭೂತಗನ್ನಡಿಯಲ್ಲಿ ನೋಡಿ. ಸಾಲಾಗಿ ಸಣ್ಣ ಚುಕ್ಕಿಗಳು ಕಂಡರೆ ಅದು ಪತ್ರಿಕೆ ಅಥವಾ ಪುಸ್ತಕದಿಂದ ಬಂದ ಚಿತ್ರ. ಆಗ ಹುಡುಕಬೇಕಾದದ್ದು ಆ ಪತ್ರಿಕೆಯನ್ನು. ಕಾಗದ ಪ್ಲಾಸ್ಟಿಕ್‌ನಂತೆ ನುಣುಪಾಗಿದ್ದರೆ ಅದು 1970ರ ಸುಮಾರಿನ ಅಥವಾ ಆಮೇಲಿನ ಪ್ರಿಂಟು. ಚಿತ್ರ ಹಳೆಯದಿರಬಹುದು, ಪ್ರತಿ ಹೊಸದು. ಅಂಚಿನಲ್ಲಿ ನೀಲಿ ಕನ್ನಡಿಯಂಥ ಹೊಳಪು ಎದ್ದಿದ್ದರೆ ಅದು ಹಳೆಯ ಬೆಳ್ಳಿ ಪ್ರಿಂಟು. ಅದನ್ನು ಒರೆಸಲು ಹೋಗಬೇಡಿ.

ಆಮೇಲೆ ಚಿತ್ರದೊಳಗಿನ ಸುಳಿವು. ರೈಲಿನ ಮೇಲೆ ‘ಎಂ.ಎಸ್.ಎಂ.’ ಅಕ್ಷರಗಳಿದ್ದರೆ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ. ಅದು 1951ರ ಏಪ್ರಿಲ್ 14ಕ್ಕೆ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಆದರೆ ಬಣ್ಣ ಬಳಿಯಲು ವರ್ಷಗಳೇ ಹಿಡಿಯುವುದರಿಂದ ಇದೊಂದೇ ಸುಳಿವಿನ ಮೇಲೆ ವರ್ಷ ಕಟ್ಟಬೇಡಿ. ಕಟ್ಟಡದ ಮೇಲೆ ನಿಜಾಮರ ಅಸಫ್‌ಜಾಹಿ ಧ್ವಜ ಹಾರುತ್ತಿದ್ದರೆ 1948ರ ಸೆಪ್ಟೆಂಬರ್‌ಗೆ ಹಿಂದೆ ಹೋಗಿ. ಬೋರ್ಡಿನಲ್ಲಿ ಉರ್ದು ಇದೆ ಎಂಬುದು ಮಾತ್ರ ಏನನ್ನೂ ಹೇಳುವುದಿಲ್ಲ. ಅದು ಆಮೇಲೂ ಇತ್ತು, ರಾಯಚೂರಿನಲ್ಲಿ ಈಗಲೂ ಇದೆ.

ತುಂಗಭದ್ರಾ ಅಣೆಕಟ್ಟಿನ ಚಿತ್ರಗಳಿಗೆ ಅಣೆಕಟ್ಟೇ ಗಡಿಯಾರ. 1945ರ ಫೆಬ್ರುವರಿ 28ರಂದು ಎರಡೂ ದಂಡೆಯಲ್ಲಿ ಅಡಿಗಲ್ಲು ಬಿತ್ತು: ಒಂದು ಕಡೆ ನಿಜಾಮರ ಹಿರಿಯ ಮಗ ಬೇರಾರ್ ರಾಜಕುಮಾರ, ಇನ್ನೊಂದು ಕಡೆ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. ಆದ್ದರಿಂದ ‘ಅಡಿಗಲ್ಲು ಸಮಾರಂಭ’ ಎಂಬ ಚಿತ್ರ ಸಿಕ್ಕರೆ ಮೊದಲು ಯಾವ ದಂಡೆ ಎಂದು ಕೇಳಿ. ಕಲ್ಲುಗೋಡೆ ಎಷ್ಟು ಎತ್ತರ ಬಂದಿದೆ, ಮೇಲೆ 33 ಗೇಟುಗಳು ಕೂತಿವೆಯೇ, ಹಿಂದೆ ನೀರಿದೆಯೇ ಎಂಬ ಮೂರನ್ನು ಗುರುತು ಹಾಕಿಕೊಂಡರೆ ಹಲವು ಚಿತ್ರಗಳನ್ನು ಮುಂದು ಹಿಂದಾಗದಂತೆ ಸಾಲಾಗಿ ಜೋಡಿಸಬಹುದು. ಒಂದು ಚಿತ್ರಕ್ಕೆ ಖಚಿತ ತಾರೀಖು ಸಿಕ್ಕರೂ ಅದರ ಅಕ್ಕಪಕ್ಕದವು ತಾವಾಗಿ ಜಾಗಕ್ಕೆ ಬರುತ್ತವೆ. 1953ರ ಚಿತ್ರ ಎಂದು ಬರೆದು ಕೆಳಗೆ ಎಚ್‌ಎಲ್‌ಸಿ ಕಾಲುವೆ ಎಂದಿದ್ದರೆ ಅನುಮಾನಿಸಿ. ಬಲದಂಡೆಯ ಆ ಮೇಲ್ಮಟ್ಟದ ಕಾಲುವೆ ನಂತರದ ಕೆಲಸ.

ವಾಟ್ಸ್ಆ್ಯಪ್‌ನಲ್ಲಿ ಬರುವ ಬಣ್ಣ ತುಂಬಿದ, ಮುಖ ನುಣ್ಣಗಾದ ಚಿತ್ರಗಳನ್ನು ದಾಖಲೆಯಾಗಿ ಬಳಸಬೇಡಿ. ಯಂತ್ರ ತಿದ್ದಿದ ಚಿತ್ರದಲ್ಲಿ ಬೋರ್ಡಿನ ಅಕ್ಷರ ಯಾವ ಲಿಪಿಯೂ ಅಲ್ಲದ ಗೀಟುಗಳಾಗಿರುತ್ತವೆ. ‘ರಜಾಕಾರರು, ರಾಯಚೂರು, 1948’ (ರಜಾಕಾರರೆಂದರೆ ನಿಜಾಮರ ಪರದ ಖಾಸಗಿ ಸಶಸ್ತ್ರ ಪಡೆ) ಎಂದು ಬರೆದ ಚಿತ್ರವನ್ನು ಚಿತ್ರಶೋಧದಲ್ಲಿ ಹಾಕಿ ನೋಡಿ. ಬೇರೆ ಊರಿನ ಹೆಸರಿನಲ್ಲೂ ಅದೇ ಚಿತ್ರ ಸಿಗಬಹುದು.

## ಹಂತ 5: ತೆಗೆದ ಜಾಗ ಹುಡುಕುವುದು

ಈ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ಮನೆ, ಮರ, ರಸ್ತೆ ಎಲ್ಲ ಬದಲಾದರೂ ಗುಡ್ಡದ ಬಂಡೆಗಳು ಕೂತಲ್ಲೇ ಕೂತಿವೆ. ಬಳ್ಳಾರಿ ಗುಡ್ಡ, ಕೊಪ್ಪಳದ ಕೋಟೆ, ಆನೆಗೊಂದಿಯ ಸಾಲು, ರಾಯಚೂರು ಕೋಟೆಯ ಬೆಟ್ಟ – ಯಾವುದಾದರೊಂದರ ತುದಿ ಚಿತ್ರದಲ್ಲಿದ್ದರೆ ಸಾಕು.

ಮೊದಲು ಗುಡ್ಡದ ಅಂಚನ್ನು ಪಾರದರ್ಶಕ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎಳೆದುಕೊಳ್ಳಿ. ಆಮೇಲೆ ಚಿತ್ರದಲ್ಲಿ ಹತ್ತಿರದ ಒಂದು ಬಂಡೆ, ದೂರದ ಒಂದು ಬಂಡೆ ಆರಿಸಿ. ಸ್ಥಳಕ್ಕೆ ಹೋಗಿ ಎಡಬಲ ಸರಿಯುತ್ತಾ ಹೋದರೆ ಹತ್ತಿರದ ಬಂಡೆ ಬೇಗ ಜರುಗುತ್ತದೆ, ದೂರದ್ದು ನಿಧಾನ. ಎರಡೂ ಚಿತ್ರದಲ್ಲಿರುವಂತೆ ಹೊಂದಿ ನಿಂತ ಗೆರೆಯ ಮೇಲೆ ಎಲ್ಲೋ ಕ್ಯಾಮೆರಾ ಇತ್ತು. ಇನ್ನೊಂದು ಬಂಡೆ ಜೋಡಿಯಿಂದ ಮತ್ತೊಂದು ಗೆರೆ ಸಿಗುತ್ತದೆ, ಗೆರೆಗಳು ಕೂಡುವಲ್ಲಿ ಜಾಗ. ಹೊಂದುತ್ತಲೇ ಇಲ್ಲವೇ? ಎರಡು ಕಾರಣ ಇರಬಹುದು: ಕಲ್ಲುಗಣಿ ಬಂಡೆಯನ್ನು ತಿಂದಿದೆ, ಇಲ್ಲವೇ ನೆಗೆಟಿವ್ ತಿರುಗುಮುರುಗಾಗಿ ಪ್ರಿಂಟಾಗಿದೆ. ಅಂಗಿಯ ಗುಂಡಿ, ಸೆರಗಿನ ಬದಿ, ಅಕ್ಷರ ನೋಡಿ ಎರಡನೆಯದನ್ನು ಮೊದಲು ತಳ್ಳಿಹಾಕಿ.

ನೆರಳೂ ಮಾತಾಡುತ್ತದೆ. ಬಳ್ಳಾರಿ, ಕೊಪ್ಪಳದ 15 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು ಮೇ 1ರಿಂದ ಆಗಸ್ಟ್ 11ರವರೆಗೆ ನಡು ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜಾಗ ಗೊತ್ತಾಗಿ ದಿಕ್ಕು ಸಿಕ್ಕ ಮೇಲೆ ಇದರಿಂದ ತಿಂಗಳನ್ನು ಕಿರಿದಾಗಿಸಬಹುದು.

ಮುಳುಗಿದ ಹಳ್ಳಿಗಳಿಗೆ ಈ ದಾರಿ ಇಲ್ಲ, ನಕ್ಷೆಯೇ ಗತಿ. ಸರ್ವೆ ಆಫ್ ಇಂಡಿಯಾದ ಹಾಳೆ ಸಂಖ್ಯೆ ಹೊಸಪೇಟೆ, ಹಂಪಿ, ಅಣೆಕಟ್ಟಿಗೆ 57ಎ/7, ಕೊಪ್ಪಳಕ್ಕೆ 57ಎ/3, ಬಳ್ಳಾರಿಗೆ 57ಎ/16, ರಾಯಚೂರಿಗೆ 56ಎಚ್/8. ಅಣೆಕಟ್ಟಿಗೆ ಹಿಂದಿನ ಆವೃತ್ತಿಯನ್ನೇ ಕೇಳಿ. ಹಾಳೆಯ ಅಂಚಿನಲ್ಲಿ ಮುದ್ರಣದ ವರ್ಷಕ್ಕಿಂತ ಸರ್ವೆ ನಡೆದ ವರ್ಷ ಮುಖ್ಯ. ಅಮೆರಿಕದ ಸೇನಾ ನಕ್ಷಾ ವಿಭಾಗ 1950ರ ದಶಕದಲ್ಲಿ ಮಾಡಿದ 1:2,50,000 ಪ್ರಮಾಣದ ಹಾಳೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಬೀದಿ ಹುಡುಕಲು ಅವು ಸಾಲವು, ಊರು ಹುಡುಕಲು ಸಾಕು.

## ಹಂತ 6: ಹಿರಿಯರ ಮುಂದೆ ಫೋಟೊ ಇಡುವುದು

ಪತ್ರಾಗಾರದ ಕಾಗದ ಮುಂದಿನ ವರ್ಷವೂ ಇರುತ್ತದೆ. ತೊಂಬತ್ತು ದಾಟಿದವರ ನೆನಪು ಇರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಇದು ಪತ್ರಾಗಾರಕ್ಕಿಂತ ಮೊದಲು.

‘ಅಜ್ಜಾರ, ಇದು ಡ್ಯಾಂ ಆಗೂಕಿಂತ ಮೊದಲಿಂದಲ್ಲೇನ್ರಿ?’ ಎಂದು ಕೇಳಿದರೆ ಹೌದೆನ್ನುತ್ತಾರೆ. ಮನೆಗೆ ಬಂದವರಿಗೆ ಇಲ್ಲ ಅನ್ನುವುದು ನಮ್ಮಲ್ಲಿ ಕಡಿಮೆ. ‘ಈ ಪಟದಾಗ ಏನೇನ್ ಕಾಣ್ತದ, ಹೇಳ್ರಿ’ ಎಂದಷ್ಟೇ ಕೇಳಿ ಸುಮ್ಮನಿರಿ. ಇಸವಿ ಕೇಳಬೇಡಿ. ರಜಾಕಾರರ ಹಾವಳಿಯ ಹೊತ್ತಿಗೆ ನಿಮಗೆ ಮದುವೆಯಾಗಿತ್ತೇ, ಕಾಲುವೆ ನೀರು ಬಂದಾಗ ಹಿರಿಯ ಮಗ ಹುಟ್ಟಿದ್ದನೇ ಎಂದು ಕೇಳಿದರೆ ವರ್ಷ ತಾನಾಗಿ ಬರುತ್ತದೆ. ಒಂದೇ ಫೋಟೊವನ್ನು ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿ. ಕಟ್ಟೆಯ ಮೇಲೆ ಎಲ್ಲರೂ ಕೂತಾಗ ತೋರಿಸಿದರೆ ದೊಡ್ಡ ದನಿಯವರ ಉತ್ತರವೇ ಊರಿನ ಉತ್ತರವಾಗುತ್ತದೆ.

## ಹಂತ 7: ಪತ್ರಾಗಾರಕ್ಕೆ ಹೋಗುವುದು

ಹಂತ 2ರ ಉತ್ತರ ಇಲ್ಲಿ ದಾರಿ ತೋರಿಸುತ್ತದೆ. 1953ಕ್ಕೆ ಹಿಂದಿನ ಬಳ್ಳಾರಿಗೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರ. 1956ಕ್ಕೆ ಹಿಂದಿನ ರಾಯಚೂರು, ಕೊಪ್ಪಳಕ್ಕೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರ. ನಂತರದ್ದಕ್ಕೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಮತ್ತು ಅದರ ಕಲಬುರಗಿ ವಿಭಾಗೀಯ ಕಚೇರಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಟಿಕೆಟ್ ಮಾಡಿಸುವ ಮೊದಲು ಅದನ್ನು ಮುಗಿಸಿ.

ಗುರುತಿನ ಚೀಟಿ, ಸಂಶೋಧನೆಯ ಉದ್ದೇಶದ ಪತ್ರ, ಯಾವ ಇಲಾಖೆ, ಯಾವ ವರ್ಷ ಎಂಬ ಪಟ್ಟಿ ಒಯ್ಯಿರಿ. ‘ಹೊಸಪೇಟೆಯ ಇತಿಹಾಸ ಬೇಕು’ ಎಂದರೆ ಸಿಬ್ಬಂದಿಗೆ ಏನೂ ಕೊಡಲು ಆಗುವುದಿಲ್ಲ. ಮದ್ರಾಸಿನ ಸರ್ಕಾರಿ ಆದೇಶಗಳು ಇಲಾಖೆ ಮತ್ತು ವರ್ಷದ ಪ್ರಕಾರ ಸೂಚಿಯಲ್ಲಿವೆ: ಕಂದಾಯ, ಲೋಕೋಪಯೋಗಿ, ಪಬ್ಲಿಕ್. ಅಣೆಕಟ್ಟಿಗೆ ಲೋಕೋಪಯೋಗಿ, ಮುಳುಗಡೆ ಜಮೀನಿಗೆ ಕಂದಾಯ. ಜಿಲ್ಲಾ ಕಚೇರಿಯ ಕಡತ ಸಂಖ್ಯೆಯ ಮುಂದಿನ ಅಕ್ಷರವನ್ನೂ ನೋಡಿ: ‘ಆರ್.ಡಿಸ್.’ ಎಂದರೆ ಶಾಶ್ವತವಾಗಿ ಇಡಬೇಕಾದದ್ದು, ‘ಎಲ್.ಡಿಸ್.’ ಎಂದರೆ ಅಲ್ಪಾವಧಿಗೆ ಇಟ್ಟು ನಾಶ ಮಾಡುವುದು. ಎರಡನೆಯದರ ಹಿಂದೆ ದಿನ ಕಳೆಯಬೇಡಿ.

ಮುಳುಗಿದ ಹಳ್ಳಿಯ ಭೂಸ್ವಾಧೀನ ಪ್ರಕಟಣೆ ಬಲದಂಡೆಯದಾದರೆ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್‌ನಲ್ಲಿ, ಎಡದಂಡೆಯದಾದರೆ ಹೈದರಾಬಾದಿನ ಗೆಜೆಟ್ ‘ಜರೀದಾ’ದಲ್ಲಿ. ಗೆಜೆಟ್‌ನಿಂದ ಸರ್ವೆ ನಂಬರು ಸಿಕ್ಕ ಮೇಲೆ ಐತೀರ್ಪಿನ (ಪರಿಹಾರ ನಿಗದಿ ಮಾಡಿದ ಆದೇಶ) ಕಡತ ಕೇಳಿ. ಮನೆ, ಬಾವಿ, ಮರದ ವಿವರ ಇರುವುದು ಐತೀರ್ಪಿನಲ್ಲಿ. ಹೈದರಾಬಾದಿನ 1948ಕ್ಕೆ ಹಿಂದಿನ ಕಡತ ಬಹುಪಾಲು ಉರ್ದುವಿನಲ್ಲಿ, ಅದೂ ಶಿಕಸ್ತಾ ಎಂಬ ವೇಗದ, ಕೂಡಿಸಿ ಗೀಚಿದ ಕೈಬರಹದಲ್ಲಿ. ಉರ್ದು ಪತ್ರಿಕೆ ಓದುವವರೆಲ್ಲ ಇದನ್ನು ಓದಲಾರರು. ಹಳೆಯ ಕೋರ್ಟ್ ಕಾಗದ ಓದಿ ಅಭ್ಯಾಸವಿರುವವರನ್ನು ಮೊದಲೇ ಹುಡುಕಿಕೊಳ್ಳಿ.

ಜನಸಂಖ್ಯೆಗೆ 1951ರ ಗಣತಿಯ ಜಿಲ್ಲಾ ಕೈಪಿಡಿ ನೋಡಿ: ಬಳ್ಳಾರಿ ಮದ್ರಾಸಿನ ಸಂಪುಟಗಳಲ್ಲಿ, ಕೊಪ್ಪಳ ಹೈದರಾಬಾದಿನ ರಾಯಚೂರು ಕೈಪಿಡಿಯಲ್ಲಿ. ಪತ್ರಿಕೆ ಹುಡುಕುವವರು ನೆನಪಿಡಿ: ‘ಪ್ರಜಾವಾಣಿ’ ಶುರುವಾದದ್ದು 1948ರ ಅಕ್ಟೋಬರ್‌ನಲ್ಲಿ. ಪೊಲೀಸ್ ಕಾರ್ಯಾಚರಣೆಯ ದಿನಗಳ ಸುದ್ದಿಯನ್ನು ಅದರಲ್ಲಿ ಹುಡುಕಿ ಪ್ರಯೋಜನವಿಲ್ಲ. ಹುಬ್ಬಳ್ಳಿಯಿಂದ ಬರುತ್ತಿದ್ದ ‘ಸಂಯುಕ್ತ ಕರ್ನಾಟಕ’ದ ಸಂಪುಟ ಕೇಳಿ.

## ಹಂತ 8: ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು

ಸರ್ವೆ ನಂಬರು ಇಲ್ಲದೆ ಇಲ್ಲಿಗೆ ಬರಬೇಡಿ. ಬಳ್ಳಾರಿ ಭಾಗದಲ್ಲಿ ‘ಅಡಂಗಲ್’ (ಹೊಲ, ಬೆಳೆಯ ಗ್ರಾಮಲೆಕ್ಕ) ಮತ್ತು ರೀಸೆಟ್ಲ್‌ಮೆಂಟ್ ರಿಜಿಸ್ಟರ್, ರಾಯಚೂರು–ಕೊಪ್ಪಳ ಭಾಗದಲ್ಲಿ 1954-55ರ ‘ಖಾಸರಾ ಪಹಣಿ’ ಮತ್ತು ‘ಸೇತ್ವಾರ್’ (ಸರ್ವೆ ನಂತರದ ಜಮೀನು ಪಟ್ಟಿ) ಎಂದು ಆ ಹೆಸರಿನಲ್ಲೇ ಅರ್ಜಿ ಬರೆಯಿರಿ. ‘ಹಳೇ ಪಹಣಿ’ ಎಂದರೆ 1970ರ ದಶಕದ್ದು ಕೈಗೆ ಬರುತ್ತದೆ. ಸರ್ವೆ ನಂಬರು ಆಮೇಲೆ ಹಿಸ್ಸಾ ಆಗಿದ್ದರೆ ಮೂಲ ನಂಬರನ್ನೂ ಬರೆಯಿರಿ. ಭೂ ಸುರಕ್ಷಾ ಯೋಜನೆಯಲ್ಲಿ ರೆಕಾರ್ಡ್ ರೂಮುಗಳ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ನಿಮ್ಮದು ಆಗಿದೆಯೇ ಎಂದು ಮೊದಲು ಕೇಳಿ. ಗೆದ್ದಲು ಹಿಡಿದ ಕಟ್ಟು ಕೊಟ್ಟರೆ ಹಾಳೆ ತಿರುವಬೇಡಿ, ಇರುವಂತೆಯೇ ಚಿತ್ರ ತೆಗೆಯಲು ಅನುಮತಿ ಕೇಳಿ.

## ಹಂತ 9: ಬರೆದಿಡುವುದು, ಹಂಚುವುದು

ಪ್ರತಿ ಫೋಟೊಗೂ ನಾಲ್ಕು ಸಾಲು ಬೇಕು: ಎಲ್ಲಿ ಸಿಕ್ಕಿತು, ಹಿಂಬದಿಯಲ್ಲಿ ಏನಿದೆ, ನೀವು ಊಹಿಸಿದ ಕಾಲ ಮತ್ತು ಜಾಗ, ಆ ಊಹೆಗೆ ಆಧಾರ. ಕಾಗದದ ಮೇಲಿನ ಮಾತು, ಹಿರಿಯರ ಮಾತು, ನಿಮ್ಮ ಊಹೆ ಮೂರನ್ನೂ ಬೇರೆ ಬೇರೆ ಬರೆಯಿರಿ. ಒಮ್ಮೆ ಕಲಸಿದರೆ ಬೇರ್ಪಡಿಸಲು ಬರುವುದಿಲ್ಲ. ಕಡತದ ಚಿತ್ರ ತೆಗೆದಾಗ ಮೊದಲ ಚಿತ್ರ ಕಡತ ಸಂಖ್ಯೆಯದ್ದೇ ಆಗಿರಲಿ.

1947–49ರ ಕಾಗದಗಳಲ್ಲಿ ಕೊಲೆ, ಲೂಟಿ, ಊರು ಬಿಟ್ಟು ಓಡಿದವರ ಹೆಸರುಗಳು ಬರುತ್ತವೆ. ಅದರಲ್ಲಿ ರಜಾಕಾರರಿಂದ ನೊಂದವರೂ ಇದ್ದಾರೆ, ಕಾರ್ಯಾಚರಣೆಯ ನಂತರದ ಹಿಂಸೆಯಲ್ಲಿ ನೊಂದವರೂ ಇದ್ದಾರೆ. ಎರಡೂ ಕಡೆಯ ಮೊಮ್ಮಕ್ಕಳು ಈಗ ಒಂದೇ ಓಣಿಯಲ್ಲಿರಬಹುದು. ಆರೋಪಿತರ ಹೆಸರಿರುವ ಪುಟವನ್ನು ಊರಿನ ಗುಂಪಿಗೆ ಹಾಕಬೇಡಿ. ಮನೆಯವರ ಫೋಟೊಗೆ ಒಪ್ಪಿಗೆ ಪಡೆಯಿರಿ, ಪತ್ರಾಗಾರದ ಪ್ರತಿಗೆ ಪ್ರಕಟಣೆಯ ಅನುಮತಿ ಬೇರೆಯೇ ಬೇಕೇ ಎಂದು ಕೌಂಟರಿನಲ್ಲೇ ಕೇಳಿಕೊಂಡು ಬನ್ನಿ.